ಎಡಕುಮೇರಿಯ ಬಲಗಡೆ

ಹೊಳೆನರಸೀಪುರದ ಕಾಲೇಜಿನಲ್ಲಿ ದಿನವಿಡೀ ಗಂಟಲು ಹರಿದುಕೊಂಡು, ಹಾಸನದ ಮನೆಗೆ ಬಂದು, ಕೈಕಾಲು ತೊಳೆದು ಒಂದು ಲೋಟ ಕಾಫಿ ಕುಡಿದ ಮೇಲೆ ನಾನು ಬೆಟ್ಟ ಕಡಿಯಲು ಕೂರುತ್ತಿದ್ದೆ. ಕಂಪ್ಯೂಟರಿನಲ್ಲಿ. ನಾನು ವಾಣಿಜ್ಯಶಾಸ್ತ್ರದ ಮೇಷ್ಟ್ರು. ಕಂಪ್ಯೂಟರಿಗೂ ನನಗೂ ಅಷ್ಟಕ್ಕಷ್ಟೆ. ಸಹೋದ್ಯೋಗಿಯೊಬ್ಬರು ಒಂದು ರೈಲಿನ ಆಟದ ಸಿ.ಡಿ. ಕೊಟ್ಟಿದ್ದರು. ಪರದೆಯ ಮೇಲೆ ಇಂಜಿನ್ ಓಡಿಸಬಹುದು, ಸೀಟಿ ಊದಬಹುದು, ಬ್ರೇಕ್ ಹಾಕಬಹುದು. ಎರಡು ದಿನ ಆಡಿ ಬೇಸರವಾದರೆ ಎತ್ತಿಟ್ಟರಾಯಿತು ಅಂದುಕೊಂಡಿದ್ದೆ. ಎತ್ತಿಡಲು ಬಿಡದವಳು ಅಮ್ಮ.

ಯಾವುದೋ ಹಿಮದ ಬೆಟ್ಟದಲ್ಲಿ ರೈಲು ಓಡುತ್ತಿರುವಾಗ ಅವಳು ಸೊಪ್ಪು ಬಿಡಿಸುತ್ತ ಹಿಂದೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ, "ನಮ್ಮ ಘಟ್ಟದ್ದು ಇಲ್ವೇನೆ ಇದರಲ್ಲಿ?" ಅಂದಳು.

ಇರಲಿಲ್ಲ. ಆದರೆ ನಮಗೆ ಬೇಕಾದ ದಾರಿಯನ್ನು ನಾವೇ ಕಟ್ಟಿಕೊಳ್ಳುವ ಸೌಲಭ್ಯ ಆ ಆಟದಲ್ಲೇ ಇತ್ತು. ಅದನ್ನು ಅಮ್ಮನ ಮುಂದೆ ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು.

ಅಮ್ಮನಿಗೆ ಘಟ್ಟದ ರೈಲು ಎಂದರೆ ಚಿಕ್ಕಮ್ಮ. ಇಬ್ಬರೂ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಹುಟ್ಟಿದವರು, ರೈಲಿನ ಮುಖ ಕಾಣದ ಸೀಮೆ. ಅಮ್ಮ ಹಾಸನಕ್ಕೆ ಸೊಸೆಯಾಗಿ ಬಂದಳು. ಚಿಕ್ಕಮ್ಮನನ್ನು ಘಟ್ಟದ ಕೆಳಗೆ, ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ಹತ್ತಿರದ ಪುರೋಹಿತರ ಮನೆಗೆ ಕೊಟ್ಟರು. ಆಗ ಮಂಗಳೂರಿನ ರೈಲು ಹೊಸದು. ಪ್ರತಿ ಬೇಸಿಗೆಯಲ್ಲೂ ಚಿಕ್ಕಮ್ಮ ಮೇಲೆ ಬರುವಳು, ಅವಳು ಹೊರಡುವಾಗ ಅಮ್ಮನೂ ಜತೆಯಲ್ಲಿ ಇಳಿದು ಹೋಗಿ ಒಂದಷ್ಟು ದಿನ ಇದ್ದು ಬರುವಳು. ಚಿಕ್ಕವಳಿದ್ದಾಗ ನಾನೂ ಹೋಗಿದ್ದೇನೆ. ಸುರಂಗ ಬಂದಾಗಲೆಲ್ಲ ಡಬ್ಬಿಯ ಜನ ಹೋ ಎಂದು ಕೂಗುತ್ತಿದ್ದುದು ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ, ಹಳಿ ಅಗಲ ಮಾಡುತ್ತೇವೆಂದು ಆ ದಾರಿಯನ್ನು ಮುಚ್ಚಿದರು. ಮುಚ್ಚಿದ್ದು ಮುಚ್ಚಿದ್ದೇ. ಶಿರಾಡಿ ಘಾಟಿಯ ಬಸ್ಸು ಅಮ್ಮನಿಗೆ ಆಗದು. ಒಮ್ಮೆ ಹಟ ಮಾಡಿ ಹೋದವಳನ್ನು ಘಾಟಿಯ ಬುಡದ ಗುಂಡ್ಯದಲ್ಲಿ ಇಳಿಸಿ ಮಲಗಿಸಬೇಕಾಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಬಂದಿತ್ತು. ಕಾರಾದರೂ ಅದೇ ಕತೆ. ಚಿಕ್ಕಮ್ಮನಿಗೆ ಉಬ್ಬಸ. ಹೀಗಾಗಿ ಅಕ್ಕತಂಗಿಯರಿಗೆ ಉಳಿದದ್ದು ಭಾನುವಾರದ ಫೋನು ಮಾತ್ರ. "ಬರೋ ವರ್ಷ ರೈಲು ಬಿಡ್ತಾರಂತೆ" ಎಂಬ ಮಾತಿನಿಂದಲೇ ಪ್ರತಿ ಭಾನುವಾರದ ಮಾತು ಮುಗಿಯುತ್ತಿತ್ತು. ಆ ಬರೋ ವರ್ಷ ಎಷ್ಟು ಸಲ ಬಂದು ಹೋಯಿತೋ, ಕೇಳಿ ಕೇಳಿ ನನ್ನ ಕಿವಿಗೇ ಸುಸ್ತಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜತೆಗೇ ಇದ್ದಳು. ಅವಳಿಗೆ ತಂಗಿಯನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕು. ಬೇರೇನನ್ನೂ ಅವಳು ನನ್ನಲ್ಲಿ ಕೇಳಿದವಳಲ್ಲ.

ರೈಲು ಬಿಡುವುದು ನನ್ನ ಕೈಲಿರಲಿಲ್ಲ. ದಾರಿಯನ್ನಾದರೂ ತೋರಿಸೋಣ ಎಂದು ಕೂತೆ.

ಕೂತ ಮೇಲೆ ಗೊತ್ತಾಯಿತು, ಇದು ಆಟವಲ್ಲ, ಇನ್ನೊಂದು ನೌಕರಿ. ನೆಲ ಮೊದಲು ಚಪಾತಿಯ ಹಾಗೆ ಸಪಾಟಾಗಿರುತ್ತದೆ. ಮೌಸಿನಿಂದ ಅದನ್ನು ಚೂರು ಚೂರೇ ಎಬ್ಬಿಸಿ ಬೆಟ್ಟ ಮಾಡಬೇಕು, ತಗ್ಗಿಸಿ ಕಣಿವೆ ಮಾಡಬೇಕು, ಹಳಿಯನ್ನು ತುಂಡು ತುಂಡಾಗಿ ಜೋಡಿಸಬೇಕು, ಮರಗಳನ್ನು ಒಂದೊಂದಾಗಿ ನೆಡಬೇಕು. ಘಟ್ಟದಲ್ಲಿ ಮರಕ್ಕೇನು ಬರವೇ? ನೆಟ್ಟು ನೆಟ್ಟು ಮಣಿಕಟ್ಟು ಊದಿಕೊಂಡಿತು. ಅಷ್ಟರಲ್ಲಿ ಕರೆಂಟು ಹೋಗುವುದು, ಉಳಿಸದೇ ಇದ್ದ ಬೆಟ್ಟ ಮತ್ತೆ ಚಪಾತಿ. ಚನ್ನರಾಯಪಟ್ಟಣದ ಬ್ಯಾಂಕಿನಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ನನ್ನ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಇವತ್ತು ಎಲ್ಲೀವರೆಗೆ ಬಂತಮ್ಮ ಗಾಡಿ?" ಎನ್ನುತ್ತಿದ್ದರು. ದೋಣಿಗಲ್ಲು ದಾಟಿದೆ ಎಂದರೆ, ಹಾಗಾದರೆ ಊಟ ನಾನೇ ಬಡಿಸಿಕೊಳ್ಳಬೇಕು ಎಂದು ಅಡುಗೆಮನೆಗೆ ನಡೆಯುತ್ತಿದ್ದರು.

ನನಗೆ ಸಿಕ್ಕಿದ್ದ ನಕ್ಷೆಯಲ್ಲಿ ಹಳಿಯ ಗೆರೆಯೂ ಸ್ಟೇಷನ್ನುಗಳ ಹೆಸರೂ ಇದ್ದವು, ಅಷ್ಟೆ. ಬೆಟ್ಟ ಯಾವ ಕಡೆ, ಪ್ರಪಾತ ಯಾವ ಕಡೆ, ನೀರು ಎಲ್ಲಿ ಬೀಳುತ್ತದೆ ಎಂಬುದಕ್ಕೆಲ್ಲ ಅಮ್ಮನೇ ಗತಿ. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಇಲ್ಲಿ ಎಡಗಡೆ ಕೈ ಚಾಚಿದರೆ ಬಂಡೆ ಸಿಗ್ತದೆ. ಇಲ್ಲಿ ಬಲಗಡೆ ಬಗ್ಗಿ ನೋಡಬಾರದು, ತಲೆ ತಿರುಗುತ್ತೆ. ಎಡಕುಮೇರಿ ಸ್ಟೇಷನ್ನು ದಾಟಿ ಒಂದು ಸುರಂಗ ಆದಮೇಲೆ ಬಲಗಡೆ ನೀರು ಬೀಳತ್ತೆ, ಕಿಟಕಿಯೊಳಗೆ ಹನಿ ಹಾರತ್ತೆ. "ಅಲ್ಲಿ ನಿಮ್ಮ ಚಿಕ್ಕಮ್ಮ ಯಾವಾಗ್ಲೂ ಕೈ ಆಚೆ ಹಾಕೋಳು. ಮದುವೆಯಾಗಿ ಹೋಗ್ತಾ ಅಳ್ತಿದ್ದೋಳು ಮೊದಲು ನಕ್ಕಿದ್ದೂ ಅಲ್ಲೇ ಕಣೆ."

ಆ ಝರಿಯನ್ನು ಮಾಡಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಮುಗಿದ ಸಂಜೆ ರೈಲನ್ನು ಸುರಂಗದಿಂದ ಆಚೆ ತಂದೆ. ಬಲಗಡೆ ನೀರು ಬಿತ್ತು. ಅಮ್ಮ ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇ" ಅಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಆಯಾಸವೆಲ್ಲ ಇಳಿದ ಹಾಗಾಯಿತು.

ಭಾನುವಾರ ಫೋನಿನಲ್ಲಿ ಅಮ್ಮ ಇದನ್ನೆಲ್ಲ ತಂಗಿಗೆ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಘಟ್ಟದ ಕೆಳಗಿನ ಮಾತು ಮೈಗೂಡಿದ್ದ ಚಿಕ್ಕಮ್ಮನ ದನಿ ಫೋನಿನಿಂದ ಆಚೆಗೂ ಕೇಳುತ್ತಿತ್ತು.

"ಬಲಗಡೆ ಎಂತ ಅಕ್ಕಾ? ಅದು ಎಡಗಡೆ ಅಲ್ವಾ?"

"ಬಲಗಡೆ ಕಣೆ. ನಾನು ಎಷ್ಟು ಸಲ ನೋಡಿಲ್ಲ?"

"ನಾನು ಕೈ ಹಾಕಿದ್ದು ಎಡಗೈ. ಬಳೆಯೆಲ್ಲ ಒದ್ದೆ ಆಗ್ತಿತ್ತು. ಎಡಕುಮೇರಿ ಅಂತ ಹೆಸರಲ್ಲೇ ಎಡ ಉಂಟಲ್ಲ."

ಹೆಸರಲ್ಲೇ ಎಡ ಉಂಟು ಎಂದಾಗ ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಮಾತು ಬೆಳೆಯಿತು. ನಿನಗೆ ವಯಸ್ಸಾಯಿತು, ಮರೆವು ಶುರುವಾಗಿದೆ ಎಂದಳು ಚಿಕ್ಕಮ್ಮ. ಅಮ್ಮನ ಮುಖ ಕೆಂಪಾಯಿತು. "ನನಗೆ ಮರೆವಾ? ಹೆತ್ತ ತಾಯಿ ಹೋದಾಗ ಎಲ್ಲಾ ಮುಗಿದ ಮೇಲೆ ಬಂದೋಳು ನೀನು. ನೀನು ನನಗೆ ನೆನಪಿನ ವಿಷಯ ಹೇಳ್ಬೇಡ" ಅಂದಳು.

ಆ ಕಡೆ ಫೋನು ಇಟ್ಟ ಶಬ್ದ.

ಅಜ್ಜಿ ಹೋದದ್ದು ರೈಲು ನಿಂತ ಮೇಲೆ, ಜೋರು ಮಳೆಗಾಲದಲ್ಲಿ. ಗುಡ್ಡ ಕುಸಿದು ಘಾಟಿಯಲ್ಲಿ ಬಸ್ಸುಗಳು ನಿಂತಿದ್ದವು. ಚಿಕ್ಕಮ್ಮ ಬರುವಷ್ಟರಲ್ಲಿ ಬೂದಿ ತಣ್ಣಗಾಗಿತ್ತು. ಅದು ಅಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದಳು, ಅಂದ ಮೇಲೆ ವಾಪಸ್ಸು ತೆಗೆದುಕೊಳ್ಳಲು ಅವಳಿಗೆ ಬರಲಿಲ್ಲ. ಅವಳಾಗಿ ಫೋನು ಮಾಡಲಿ ಎಂದು ಇವಳು, ಇವಳಾಗಿ ಮಾಡಲಿ ಎಂದು ಅವಳು. ಭಾನುವಾರಗಳು ಸುಮ್ಮನೆ ಕಳೆದವು. ನಾನೇ ಫೋನು ಮಾಡಿದರೆ ಚಿಕ್ಕಮ್ಮ, "ನಿನ್ನಮ್ಮ ಹುಷಾರಿದ್ದಾಳಲ್ಲ?" ಎಂದು ಕೇಳಿ ಬೇರೆ ಮಾತಿಗೆ ಹೋಗುವಳು. ಅಮ್ಮ ಹತ್ತಿರವೇ ಕೂತು, ಕೇಳಿಸಿಕೊಳ್ಳದವಳ ಹಾಗೆ ಕೇಳಿಸಿಕೊಳ್ಳುವಳು. ಇಬ್ಬರ ಮೇಲೂ ನನಗೆ ಕೋಪ ಬರುತ್ತಿತ್ತು. ಒಂದು ಝರಿಗಾಗಿ ಇಷ್ಟು ವಯಸ್ಸಾದವರು ಮಾತು ಬಿಡುವುದೇ?

ಕೋಪದಲ್ಲೇ ಒಂದು ಸಂಜೆ ಕೂತು, ಅದೇ ಥರದ ಝರಿಯೊಂದನ್ನು ಎಡಗಡೆಗೂ ಹಚ್ಚಿದೆ. ರೈಲು ಸುರಂಗದಿಂದ ಹೊರಬಂದರೆ ಎರಡೂ ಕಡೆ ನೀರು. ಗಂಡ ನೋಡಿ, "ಪರವಾಗಿಲ್ಲ, ದೇವರೇ ಇಷ್ಟು ಧಾರಾಳ ತೋರಿಸಿರಲಿಲ್ಲ" ಎಂದರು. ಅಮ್ಮ ನೋಡಿ ಎದ್ದು ಹೋದಳು. ಮತ್ತೆ ಆ ಕುರ್ಚಿಗೆ ಬರಲಿಲ್ಲ. ಹೇಳುವವರಿಲ್ಲದ ಮೇಲೆ ನಾನು ಎಲ್ಲಿಗೆಂದು ಕಟ್ಟಲಿ? ದಾರಿ ಅಲ್ಲಿಗೇ ನಿಂತಿತು, ಸುಬ್ರಹ್ಮಣ್ಯ ರೋಡ್ ಮುಟ್ಟಲೇ ಇಲ್ಲ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ಸಲ ಅಮ್ಮನನ್ನೂ ಹೊರಡಿಸಿದೆ. ಹಾಸನದಿಂದ ಹೊಳೆನರಸೀಪುರಕ್ಕೆ ಮೈಸೂರಿನ ರೈಲಿನಲ್ಲಿ ಹೋಗಬಹುದು, ಆ ದಾರಿ ಸಪಾಟು, ಅಮ್ಮನಿಗೆ ತೊಂದರೆಯಿಲ್ಲ. ಡಬ್ಬಿ ಹೆಚ್ಚುಕಡಿಮೆ ಖಾಲಿಯಿತ್ತು. ಅಮ್ಮ ನೇರ ಹೋಗಿ ಇಂಜಿನ್ನಿಗೆ ಬೆನ್ನು ಮಾಡಿ ಕಿಟಕಿಯ ಪಕ್ಕ ಕೂತಳು. ಎದುರಿನ ಸೀಟು ಖಾಲಿ.

"ಈ ಕಡೆ ಬಾರಮ್ಮ, ಗಾಡಿ ಹೋಗೋ ಕಡೆ ಮುಖ ಮಾಡ್ಕೊಂಡು ಕೂತ್ಕೋಬಹುದು" ಎಂದೆ.

"ಅದು ಅವಳ ಜಾಗ" ಎಂದಳು, ಕಿಟಕಿಯ ಆಚೆ ನೋಡುತ್ತ. ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಹೊಳೆದಿರಬೇಕು. ಸೆರಗು ಸರಿ ಮಾಡಿಕೊಂಡಳು.

ನಾನು ಬಿಡಲಿಲ್ಲ, ಕೆದಕಿದೆ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುವಾಗ ಹಿಂದಕ್ಕೆ ನೋಡಿಕೊಂಡು ಹೋಗಬಾರದು ಎಂದು ಅಜ್ಜಿ ಹೇಳಿ ಕಳಿಸಿದ್ದಳಂತೆ. ಅದಕ್ಕೆ ಆ ಮೊದಲ ಪ್ರಯಾಣದಲ್ಲಿ ತಂಗಿಯನ್ನು ಮುಂದಕ್ಕೆ ಮುಖ ಮಾಡಿ ಕೂರಿಸಿ, ಬಿಟ್ಟು ಬರಲು ಹೊರಟ ಅಮ್ಮ ಎದುರಿಗೆ ಕೂತಳು. "ಹಿಂದಕ್ಕೆ ನೋಡೋದೇನಿದ್ರೂ ನಾನು ನೋಡ್ತೀನಿ, ನೀನು ಮುಂದೆ ನೋಡು ಅಂದೆ ಕಣೆ. ಆಮೇಲೆ ಅದೇ ರೂಢಿ ಆಗೋಯ್ತು." ಎಷ್ಟು ಬೇಸಿಗೆ ಇಳಿದರೂ ಇಬ್ಬರೂ ಅದೇ ರೀತಿ ಕೂತರು, ಎದುರು ಬದುರು.

ಗಾಡಿ ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ನನಗೆ ಅರ್ಥವಾಗಿತ್ತು. ಎದುರು ಬದುರು ಕೂತವರಲ್ಲಿ ಒಬ್ಬರ ಬಲ ಇನ್ನೊಬ್ಬರ ಎಡ. ಇಬ್ಬರೂ ನೋಡಿದ್ದು ಒಂದೇ ಕಿಟಕಿ. ಹಿಂದಕ್ಕೆ ಮುಖ ಮಾಡಿ ಕೂತಿದ್ದ ಅಮ್ಮನ ಮಾತು ಕೇಳಿ ನಾನು ಕಟ್ಟಿದ ಘಟ್ಟವೆಲ್ಲ, ಬಂಡೆಯಿಂದ ಹಿಡಿದು ಪ್ರಪಾತದವರೆಗೆ, ಅದಲು ಬದಲು.

ಅಮ್ಮನಿಗೆ ಬಿಡಿಸಿ ಹೇಳಿದೆ. ಎದುರಿಗೆ ಕೂತು ಕೈ ಎತ್ತಿ ತೋರಿಸಿದೆ. "ಸುಮ್ನಿರೇ, ನನಗೆ ಎಡ ಬಲ ಗೊತ್ತಿಲ್ವಾ?" ಎಂದಳು. ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದೆ. "ಎಂತದೋ ಮಗಾ, ನಿಮ್ಮ ಲೆಕ್ಕ ನನಗೆ ತಿಳಿಯುದಿಲ್ಲ" ಎಂದಳು. ಕೈಚೆಲ್ಲಿದೆ. ಅವರಿಬ್ಬರಿಗೂ ಲೆಕ್ಕ ತಿಳಿಯದೆ ಅಲ್ಲ ಎಂದು ಈಗ ಅನ್ನಿಸುತ್ತದೆ. ಚುಚ್ಚಿದ್ದು ಝರಿಯಲ್ಲವಲ್ಲ.

ಕೊನೆಗೂ ಆ ಬರೋ ವರ್ಷ ಬಂತು. ಅಗಲದ ಹಳಿಯ ಮೇಲೆ ಮೊದಲು ಸಾಮಾನು ಗಾಡಿ, ಆಮೇಲೆ ಜನರ ಗಾಡಿ. ಅಷ್ಟರಲ್ಲಿ ಅಮ್ಮನ ಕಾಲು ಸೋತಿತ್ತು, ನನ್ನ ತಲೆಯೂ ನೆರೆತಿತ್ತು. ಹೋಗೋಣವೇ ಎಂದು ಕೇಳಿದರೆ, "ನನ್ನನ್ನ ಯಾರು ಕರೆದಿದ್ದಾರೆ?" ಎಂದಳು. ಹಾಗೆಂದವಳು ಮಾರನೆಯ ದಿನ ಕೋಡುಬಳೆಗೆ ಹಿಟ್ಟು ಕಲೆಸುತ್ತಿದ್ದಳು. ಚಿಕ್ಕಮ್ಮನಿಗೆ ಕೋಡುಬಳೆ ಎಂದರೆ ಪ್ರಾಣ.

ಘಟ್ಟ ಇಳಿಯುವಾಗ ಅಮ್ಮ ಇಂಜಿನ್ನಿಗೆ ಬೆನ್ನು ಮಾಡಿ ಕೂತು, ಎದುರಿನ ಸೀಟಿನ ಮೇಲೆ ಕೋಡುಬಳೆಯ ಚೀಲ ಇಟ್ಟಳು. ನಾನು ಅವಳ ಪಕ್ಕ ಕೂತೆ. ಎಡಕುಮೇರಿ ಆಯಿತು, ಸುರಂಗ ಆಯಿತು, ನೀರು ಕಾಣಿಸಿತು. ಅಮ್ಮನ ಬಲಗಡೆ. ನನ್ನ ತೊಡೆ ತಟ್ಟಿ, "ನೋಡ್ದ್ಯಾ?" ಎಂದಳು. ನೋಡಿದೆ ಎಂದೆ.

ಚಿಕ್ಕಮ್ಮ ಸ್ಟೇಷನ್ನಿಗೆ ಬಂದಿದ್ದಳು. ಬಹಳ ಇಳಿದುಹೋಗಿದ್ದಳು. ಇಬ್ಬರೂ ಕೈ ಹಿಡಿದುಕೊಂಡರು, ಗಾಡಿ ತಡವಾಯಿತಾ, ಬಿಸಿಲು ಜೋರು ಎಂದು ಮಾತಾಡಿದರು. ಇದ್ದಷ್ಟು ದಿನವೂ ಮಾತು ಅಷ್ಟರಲ್ಲೇ ಇತ್ತು. ಬೀಗರ ಮನೆಗೆ ಬಂದವರ ಹಾಗೆ ಅಮ್ಮ ಎರಡನೇ ಸಲ ಅನ್ನ ಬೇಡ ಎನ್ನುವಳು, ಚಿಕ್ಕಮ್ಮ ಒತ್ತಾಯ ಮಾಡುವಳು. ನೋಡಿ ನೋಡಿ ನನಗೆ ಸಾಕಾಗಿಹೋಯಿತು. ಇದಕ್ಕಾಗಿಯೇ ಇಷ್ಟು ವರ್ಷ ಕಾದದ್ದು?

ಉಬ್ಬಸಕ್ಕೆ ಹಾಸನದ ಡಾಕ್ಟರಿಗೆ ತೋರಿಸೋಣ ಎಂದು ಚಿಕ್ಕಮ್ಮನನ್ನೂ ನಮ್ಮ ಜತೆ ಹೊರಡಿಸಿದೆ. ಗಾಡಿ ಹತ್ತಿದವರೇ, ಯಾರೂ ಹೇಳದೆ, ಅಮ್ಮ ಇಂಜಿನ್ನಿಗೆ ಬೆನ್ನು ಮಾಡಿ ಕೂತಳು, ಚಿಕ್ಕಮ್ಮ ಎದುರಿಗೆ ತನ್ನ ಜಾಗದಲ್ಲಿ. ಗಾಡಿ ಏದುಸಿರು ಬಿಡುತ್ತ ಘಟ್ಟ ಹತ್ತತೊಡಗಿತು. ಝರಿ ಹತ್ತಿರವಾಗುತ್ತಿದ್ದಂತೆ ಇಬ್ಬರೂ ಕಿಟಕಿಯ ಕಡೆ ತಿರುಗಿದರು.

ನೀರು ಬಂತು. ನಾವು ಈಗ ಹತ್ತುತ್ತಿದ್ದೆವು. ಹಾಗಾಗಿ ಅದು ಅಮ್ಮನಿಗೆ ಎಡಗಡೆ, ಚಿಕ್ಕಮ್ಮನಿಗೆ ಬಲಗಡೆ ಬಿತ್ತು.

ಅಮ್ಮ ತನ್ನ ಎಡಗೈ ನೋಡಿಕೊಂಡಳು. "ನೀನು ಹೇಳಿದ್ದೇ ಸರಿ ಕಣೆ. ಎಡಗಡೆನೇ" ಎಂದಳು.

"ಇಲ್ಲ ಅಕ್ಕಾ, ಬಲಗಡೆಯೇ ಉಂಟಲ್ಲ. ನಾನೇ ಸುಮ್ಮನೆ ಹಟ ಮಾಡಿದ್ದು."

ಎಡ ಬಲದ ಲೆಕ್ಕವನ್ನು ನಾನು ಅಲ್ಲಿಗೇ ಬಿಟ್ಟುಕೊಟ್ಟೆ.

"ಅಮ್ಮನ ವಿಷಯ ನಾನು ಎತ್ತಬಾರದಿತ್ತು" ಎಂದಳು ಅಮ್ಮ.

"ಆ ದಿನ ನಾನು ಗುಂಡ್ಯದವರೆಗೆ ಬಂದಿದ್ದೆ ಅಕ್ಕಾ. ದಾರಿ ಇರ್ಲಿಲ್ಲ."

"ಗೊತ್ತು ಕಣೆ. ಗೊತ್ತಿದ್ದೇ ಅಂದೆ."

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, ಸೀಟನ್ನು ತಟ್ಟಿ, "ಇಲ್ಲಿ ಬಾ. ಇನ್ನು ಎಷ್ಟು ಅಂತ ಹಿಂದೆ ನೋಡ್ತಾ ಕೂತ್ಕೊಳ್ತಿ?" ಎಂದಳು. ಅಮ್ಮ ನನ್ನ ಭುಜ ಹಿಡಿದು ಎದ್ದು, ಆ ಕಡೆ ಹೋಗಿ ಕೂತಳು. ಅವಳು ಬಿಟ್ಟ ಜಾಗಕ್ಕೆ ನಾನು ಸರಿದೆ. ಸಕಲೇಶಪುರದವರೆಗೆ ಆಮೇಲೆ ಬಂದ ನೀರೆಲ್ಲ ಅವರಿಬ್ಬರಿಗೂ ಒಂದೇ ಕಡೆ ಕಂಡಿತು.