ಆಕ್ಸಿಜನ್ನಿಗೆ ಎಣ್ಣೆ ಹಚ್ಚಿದ ದಿನ

ನಮ್ಮ ಮನೆತನದವರು ಸಾಂಗಲಿ ಪೇಟೆಯಲ್ಲಿ ಮೂರು ತಲೆಮಾರಿನಿಂದ ಶೇಂಗಾ ಎಣ್ಣೆ ಮಾರಿದವರು. ನಾನೊಬ್ಬ ಮಾತ್ರ ಕುಪವಾಡ ಕೈಗಾರಿಕಾ ಪ್ರದೇಶದ ಆಕ್ಸಿಜನ್ ತುಂಬುವ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಸೇರಿದೆ. ತೊಂಬತ್ತರ ದಶಕ ಅದು. ಪ್ಯಾಕೆಟ್ ಎಣ್ಣೆ ಬಂದು ಅಂಗಡಿ ಸೊರಗಿತ್ತು. ಅತ್ತ ಮಿರಜದಲ್ಲಿ ಓಣಿಗೊಂದು ದವಾಖಾನೆ, ಕುಪವಾಡದಲ್ಲಿ ಎಲ್ಲಿ ನೋಡಿದರೂ ವೆಲ್ಡಿಂಗ್ ಶೆಡ್ಡು. ಎಲ್ಲರಿಗೂ ನಮ್ಮ ಸಿಲಿಂಡರೇ ಬೇಕು. ಕೆಲಸ ನನಗೆ ಮನಸಾರೆ ಹಿಡಿಸಿತ್ತು. ಅಪ್ಪ ಮಾತ್ರ ಎರಡು ವರ್ಷ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಖಂಡೇನವಮಿಯ ದಿನ, ಆಯುಧಪೂಜೆಗೆ, ಅಪ್ಪ ತಾವಾಗಿಯೇ ಬಂದರು! ಕೈಯಲ್ಲಿ ಊದಿನಕಡ್ಡಿ, ವಿಭೂತಿ, ನಮ್ಮ ಗಾಣದ ಹೊಸ ಎಣ್ಣೆಯ ಪುಟ್ಟ ಡಬ್ಬಿ. ಗಾಣ, ತಕ್ಕಡಿ, ಮಾಪು ಎಲ್ಲವನ್ನೂ ತೊಳೆದು, ಎಣ್ಣೆ ಸವರಿಯೇ ಪೂಜೆಗೆ ಇಡುವುದು ನಮ್ಮ ಮನೆಯ ಪದ್ಧತಿ. ನನಗೋ ಹೇಳತೀರದ ಹಿಗ್ಗು. ಚಹಾ ಹೇಳಿ ಬರುವಷ್ಟರಲ್ಲಿ ಅಪ್ಪ, ತುಂಬಲು ಸಾಲಾಗಿ ನಿಲ್ಲಿಸಿದ್ದ ಖಾಲಿ ಸಿಲಿಂಡರುಗಳ ವಾಲ್ವಿಗೆ ಬೆರಳಿನಿಂದ ಎಣ್ಣೆ ಹಚ್ಚುತ್ತಿದ್ದರು.

ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಕಿಡಿಯೂ ಬೇಕಿಲ್ಲ, ಭುಗ್ಗೆನ್ನುತ್ತದೆ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು.

"ಕೈ ತಗೀರಿ! ತಲಿ ನೆಟ್ಟಗ ಐತಿಲ್ಲೋ ನಿಮಗ? ಎಲ್ಲಾರನೂ ಸುಡತೀರೇನು?" ಎಂದು ಕೆಲಸಗಾರರ ಮುಂದೆಯೇ ಒದರಿಬಿಟ್ಟೆ.

ಅಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹೊರಟುಹೋದರು. ಆ ಸಾಲನ್ನಿಡೀ ಬದಿಗೆ ಸರಿಸಿ, ವಾಲ್ವು ಬಿಚ್ಚಿ ತೊಳೆಯಲು ಕಳಿಸಿದೆವು. ಮಾಡಿದ್ದು ಸರಿಯೇ. ಆದರೆ ಇಷ್ಟು ದಿನಕ್ಕೆ ನನ್ನ ಕೆಲಸ ನೋಡಲು ಬಂದ ಅಪ್ಪನನ್ನು ನಾನೇ ಓಡಿಸಿದೆನಲ್ಲ, ಇನ್ನೆಲ್ಲಿ ಬಂದಾರು ಅನಿಸಿತು.

ಮರುದಿನ ದಸರೆ. ಸಂಜೆ ಹಿರಿಯರಿಗೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಅವರು ಬನ್ನಿ ತೆಗೆದುಕೊಂಡರೆ ಮನಸ್ತಾಪ ಮುಗಿದಂತೆ. ನನ್ನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಅಪ್ಪ ಎಲೆಯನ್ನೇ ನೋಡುತ್ತ ಕೇಳಿದರು:

"ಅಲ್ಲೋ, ನಮ್ಮ ಎಣ್ಣಿ ಶೇಂಗಾದಾಗಿಂದ ಬರತೈತಿ. ನಿನ್ನ ಮಾಲು ಎಲ್ಲಿಂದ ಬರತೈತಿ?"

"ಗಾಳಿಯೊಳಗಿಂದರಿ. ಗಾಳಿ ಹಿಂಡಿ, ಭಾಳ ಥಂಡ ಮಾಡಿದ್ರ ನೀರಿನಂಗ ಆಗತೈತಿ. ತಿಳಿ ನೀಲಿ ಇರತೈತಿ."

"ಗಾಳಿಯೊಳಗ ಯಾರು ಇಟ್ರು?"

"ಇಂಥಾ ಎಲಿಗೋಳರಿ. ಬಿಸಲು ಕುಡದು ಇದನ್ನ ಹೊರಗ ಬಿಡತಾವ. ಅರ್ಧದಷ್ಟು ಸಮುದ್ರದಾಗಿನ ಕಣ್ಣಿಗೆ ಕಾಣದ ಪಾಚಿ ಬಿಡತೈತಿ. ಕುಡಿಯೋ ನೀರಿನಾಗೂ ಅದ ಐತಿ, ಉಸುಕಿನ್ಯಾಗೂ ಐತಿ, ಕಬ್ಬಿಣಕ್ಕ ಹಿಡದ ಜಂಗಿನಾಗೂ ಐತಿ. ಮ್ಯಾಲೆ ಆಕಾಶದಾಗ ಓಝೋನ್ ಆಗಿ ಬಿಸಲಿನಾಗಿನ ಕೆಟ್ಟ ಕಿರಣ ತಡೀತೈತಿ."

"ಎಲಾ ಇವನ! ದೇವರು ಪುಕ್ಕಟೆ ಕೊಟ್ಟದ್ದನ್ನ ಮಾರತೀ? ನಮಗಿಂತಾ ಪಕ್ಕಾ ವ್ಯಾಪಾರಿ ನೀ!" ಎಂದು ಗೊಳ್ಳೆಂದು ನಕ್ಕರು. ಬನ್ನಿ ತೆಗೆದುಕೊಂಡು, "ಬಂಗಾರದಂಗ ಇರೂಣು," ಎಂದರು. ತಪ್ಪಾಯಿತು ಅನ್ನಲು ಹೋದರೆ ಕೇಳಿಸಿಕೊಳ್ಳಲೇ ಇಲ್ಲ.

ಮಾರನೆಯ ಬೆಳಿಗ್ಗೆ ಕಾರ್ಖಾನೆ ತೆರೆದಾಗ ಅಪ್ಪ ಗೇಟಿನಲ್ಲಿ ನಿಂತಿದ್ದರು. ಸೀಗೆಪುಡಿಯಿಂದ ತಿಕ್ಕಿ ತಿಕ್ಕಿ ಕೆಂಪಾದ ಎರಡೂ ಕೈಗಳನ್ನು ಕೆಲಸಗಾರರಿಗೆ ತೋರಿಸಿ ಹೇಳಿದರು:

"ಮೊನ್ನೆ ತಪ್ಪು ನಂದು. ಅಪ್ಪ ಅಂತ ನೋಡಲಾರದ ಒದರ್ಯಾನ ನನ್ನ ಮಗ, ಅದಕ್ಕ ಇವತ್ತ ನೀವು ನನ್ನ ಮುಂದ ನಿಂತೀರಿ. ಇನ್ನ ಮುಂದನೂ ಹಿಂಗ ಒದರಲಿ."