ಗಂಗೋತ್ರಿಯ ಎಂ.ಎಸ್ಸಿ ಮತ್ತು ಶನಿವಾರದ ಪ್ಯಾಂಟುಗಳು

ಎಂ.ಎಸ್ಸಿ ಬಯೋಟೆಕ್ನಾಲಜಿಗೆ ಯಾಕೆ ಸೇರಿದೆ ಎಂದು ಯಾರಾದರೂ ಕೇಳಿದರೆ ಗಂಗೋತ್ರಿಗೆ ತಡವರಿಸುವಂತಾಗುತ್ತಿತ್ತು. ಗುಡಿಬಂಡೆ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಕದರಪ್ಪನ ಮಗಳು ಅವಳು. ಆಂಧ್ರಕ್ಕೆ ಸೇರಿದ ಮಡಕಶಿರದಲ್ಲಿ ಬಿ.ಎಸ್ಸಿ ಮುಗಿಸಿದ ಮೇಲೆ ಊರಿನ ಬೇರೆ ಹುಡುಗಿಯರ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಮೂರು ವರ್ಷ ಶರ್ಟಿನ ಕಾಲರ್ ತಿರುಗಿಸಿ, ಹೊಲಿಗೆ ಎಲ್ಲಿ ತಪ್ಪಿದೆ ಎಂದು ನೋಡಿ ಗುರುತು ಹಾಕುವುದೇ ಕೆಲಸ. ಅವಳು ಏನು ಓದಿದ್ದಾಳೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ರಾಯದುರ್ಗದ ಗೋವರ್ಧನನ ಜೊತೆ ಮದುವೆಯಾಯಿತು. ಅವನು ಜೀನ್ಸ್ ಬಟ್ಟೆ ಕತ್ತರಿಸುವವನು. ಬಳ್ಳಾರಿಯಲ್ಲಿ ಕೆಲಸ ಕಲಿತು ಊರಿಗೆ ವಾಪಸು ಬಂದಿದ್ದ.

ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತಿದ್ದಾಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ಕೆಲಸ ಬಿಡಬೇಕಾಗಿಲ್ಲ, ಮನೆಯಿಂದಲೇ ಸ್ನಾತಕೋತ್ತರ ಪದವಿ. ಸುಮ್ಮನೆ ಹೆಸರು, ನಂಬರು ತುಂಬಿದಳು. ಮರುದಿನದಿಂದ ದಿನಕ್ಕೆರಡು ಸಲ ಫೋನು. ಬೇಡ ಅನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಬೇಕು ಅನ್ನಲೂ ಸಿಗಲಿಲ್ಲ. ಕೊನೆಗೆ ಸೇರಿಬಿಟ್ಟಳು.

"ಅಲ್ಲ, ಇದನ್ನ ಓದಿದ್ರ ನೀ ಏನಾಗ್ತಿ?" ಗೋವರ್ಧನ್ ಕೇಳಿದ. "ಡಾಕ್ಟರಾ? ಟೀಚರಾ?"

"ನಂಗೂ ಸರಿಯಾಗಿ ಗೊತ್ತಿಲ್ಲ ಕಣ್ರೀ."

ಅವನು ನಗಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಕಟಿಂಗ್ ಟೇಬಲಿನ ಹಳೆಯ ಹಲಗೆಯೊಂದನ್ನು ತಂದು ಕಿಟಕಿಯ ಪಕ್ಕ ಓದಲು ಹಾಕಿಕೊಟ್ಟ.

ತರಗತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷಿನಲ್ಲಿ. ಹತ್ತನೆಯವರೆಗೆ ಅವಳು ಓದಿದ್ದು ಕನ್ನಡದಲ್ಲಿ. ಕಾಲೇಜಿನ ಮೇಷ್ಟ್ರು ಇಂಗ್ಲಿಷ್ ಪುಸ್ತಕ ಹಿಡಿದು ತೆಲುಗಿನಲ್ಲಿ ವಿವರಿಸುತ್ತಿದ್ದರು. ಹಾಗಾಗಿ ಅವಳ ನೋಟುಬುಕ್ಕಿನಲ್ಲಿ ಪದ ಇಂಗ್ಲಿಷಿನದು, ಪಕ್ಕದ ಉಚ್ಚಾರಣೆ ತೆಲುಗು ಲಿಪಿಯದು, ಅರ್ಥ ಕನ್ನಡದ್ದು. ಕೆಲವು ಪುಟಗಳಲ್ಲಿ ಅರ್ಥದ ಜಾಗ ಖಾಲಿ. ನೆಟ್‌ವರ್ಕ್ ನಿಂತು ಮತ್ತೆ ಬರುವಷ್ಟರಲ್ಲಿ ಮೇಡಂ ಇನ್ನೊಂದು ಅಧ್ಯಾಯಕ್ಕೆ ದಾಟಿರುತ್ತಿದ್ದರು. ಆದರೂ ಅಸೈನ್‌ಮೆಂಟುಗಳಲ್ಲಿ ಹೇಗೋ ಅಂಕ ಬರುತ್ತಿತ್ತು. ಅದು ಅವಳನ್ನು ಇನ್ನೂ ಗಲಿಬಿಲಿಗೊಳಿಸಿತು. ಅರ್ಥವಾಗದ್ದನ್ನು ಬರೆದರೂ ಅಂಕ ಕೊಡುತ್ತಾರಲ್ಲ, ಹಾಗಾದರೆ ಅರ್ಥವಾಗುವುದು ಅಂದರೆ ಯಾವುದು?

ಒಮ್ಮೆ ಕದರಪ್ಪ ಊರಿಂದ ಫೋನು ಮಾಡಿದ. "ಏನಮ್ಮ, ಹುಳ ಯಾಕೋ ಸೊಪ್ಪು ಮುಟ್ತಿಲ್ಲ. ನಿಮ್ ಕ್ಲಾಸ್ನಾಗೆ ಇದಕ್ಕೇನಾದ್ರೂ ಹೇಳ್ಕೊಟ್ಟವ್ರಾ?"

ಗಂಗೋತ್ರಿ ಆ ವಾರ ಓದುತ್ತಿದ್ದದ್ದು ಬ್ಯಾಕ್ಟೀರಿಯಾದ ಒಳಗಿನ, ಉಂಗುರದಂಥ ಡಿ.ಎನ್.ಎ ಬಗ್ಗೆ. "ಇಲ್ಲ ಕಣಪ್ಪ, ನಮ್ದು ಬೇರೆ," ಅಂದಳು. ಫೋನಿಟ್ಟ ಮೇಲೆ, ನಮ್ಮದು ಹೇಗೆ ಬೇರೆ ಎಂದು ಯೋಚಿಸಿದಳು.

ಎರಡನೇ ವರ್ಷ ಅವಳು ಜೀನ್ಸ್ ತೊಳೆಯುವ ಘಟಕವೊಂದರಲ್ಲಿ ರಿಜಿಸ್ಟರ್ ಬರೆಯುವ ಕೆಲಸಕ್ಕೆ ಸೇರಿದಳು. ಮಾಲೀಕ ಆದಿನಾರಾಯಣ. ಒಳಗಿನ ಕೆಲಸವೆಲ್ಲ ಮಾರೇಶನ ಕೈಯಲ್ಲಿ. ಹೊಲಿದು ಬಂದ ಗಡುಸು ಪ್ಯಾಂಟುಗಳನ್ನು ದೊಡ್ಡ ಡ್ರಮ್ಮಿಗೆ ಹಾಕಿ, ಬೆಚ್ಚನೆ ನೀರು ಬಿಟ್ಟು, ಮಾರೇಶ ಎರಡು ಡಬ್ಬಿ 'ಬಯೋ ಪುಡಿ' ಸುರಿಯುತ್ತಿದ್ದ. ಮುಕ್ಕಾಲು ಗಂಟೆ ತಿರುಗಿದರೆ ಬಟ್ಟೆ ಮೆತ್ತಗಾಗಿ ಬಣ್ಣ ತಿಳಿಯಾಗುತ್ತಿತ್ತು. ಯಾವ ಲಾಟು, ಎಷ್ಟು ಹೊತ್ತು, ಎಷ್ಟು ಪುಡಿ ಎಂದು ಗಂಗೋತ್ರಿ ಬರೆದಿಡುತ್ತಿದ್ದಳು.

ಎರಡು ತಿಂಗಳಾದ ಮೇಲೆ, ಊಟದ ಬಿಡುವಿನಲ್ಲಿ ಖಾಲಿ ಚೀಲದ ಮೇಲೆ ಕೂತು ಫೋನಿನಲ್ಲಿ ಪಾಠ ನೋಡುತ್ತಿದ್ದಾಗ, ಅವಳ ಕಣ್ಣು ಚೀಲದ ಮೂಲೆಯ ಸಣ್ಣ ಅಕ್ಷರದ ಮೇಲೆ ಬಿತ್ತು. ಸೆಲ್ಯುಲೇಸ್. ಹತ್ತಿಯ ನಾರನ್ನು ಕೊಂಚ ಕೊಂಚವೇ ತಿನ್ನುವ ಎಂಜೈಮು. ಇದೇ ಎಂಜೈಮಿನ ಬಗ್ಗೆ ಬರೆದು ಅವಳು ಇಪ್ಪತ್ತಕ್ಕೆ ಹದಿನಾಲ್ಕು ತೆಗೆದುಕೊಂಡಿದ್ದಳು. ಇಷ್ಟು ದಿನ ಅದರ ಲೆಕ್ಕವನ್ನೇ ಬರೆಯುತ್ತಿದ್ದೆ ಎಂಬುದು ತಿಳಿದು ಅವಳಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಅದೇ ಹೊತ್ತಿಗೆ ವ್ಯಾಪಾರಿಗಳಿಂದ ದೂರು ಬರತೊಡಗಿತು. ಕೆಲವು ಪ್ಯಾಂಟು ಕೈಯಲ್ಲಿ ಎಳೆದರೆ ಹಿಂಜೇಬಿನ ಹತ್ತಿರ ಪರ್ರನೆ ಹರಿಯುತ್ತಿದ್ದವು. ಎಲ್ಲವೂ ಅಲ್ಲ, ಕೆಲವು ಮಾತ್ರ. ಮಾರೇಶ ಬಟ್ಟೆಯನ್ನು ಬೈದ. ಬಟ್ಟೆಯವನು ದಾರವನ್ನು ಬೈದ.

ಗಂಗೋತ್ರಿ ಧೈರ್ಯ ಮಾಡಿ ಆದಿನಾರಾಯಣನ ಮುಂದೆ ನಿಂತು, "ಸಾರ್, ಪುಡಿ ಜಾಸ್ತಿ ಆಗ್ತಿರಬೇಕು. ಅದು ನಾರನ್ನೇ ತಿನ್ನೋದು," ಎಂದಳು. ಅವಳ ಎಂ.ಎಸ್ಸಿ ವಿಷಯ ಅವನಿಗೆ ಗೊತ್ತಿತ್ತು. ಪುಡಿ ಅರ್ಧಕ್ಕಿಳಿಸಲು ಹೇಳಿದ. ಒಂದು ವಾರ ಹಾಗೇ ನಡೆಯಿತು. ಬಣ್ಣ ಸರಿಯಾಗಿ ತಿಳಿಯಾಗದೆ ಮಾಲು ವಾಪಸು ಬಂತು. ಅದರಲ್ಲೂ ಕೆಲವು ಹರಿದಿದ್ದವು.

"ಪುಡಿ ಕಮ್ಮಿ ಮಾಡಿದ್ವಿ ತಂಗಿ," ಮಾರೇಶ ಎಲ್ಲರೆದುರೇ ಹೇಳಿದ. "ಬಣ್ಣಾನೂ ಬಿಡ್ಲಿಲ್ಲ, ಹರಿಯೋದೂ ನಿಲ್ಲಲಿಲ್ಲ. ಇನ್ನ ಏನ್ ಮಾಡೂಣು? ಫೋನ್ ನೋಡಿ ಹೇಳು."

ಗಂಗೋತ್ರಿ ರಿಜಿಸ್ಟರಿನ ಮೇಲೆ ತಲೆ ಬಗ್ಗಿಸಿದಳು. ಮನೆಗೆ ಬಂದು ಗೋವರ್ಧನನಿಗೆ, ಓದು ಬಿಟ್ಟುಬಿಡ್ತೀನಿ ಎಂದಳು.

"ಬಿಡು ಬೇಕಾದ್ರ," ಅಂದ ಅವನು. "ಆದ್ರ ಪುಡಿ ತಪ್ಪಿದ್ದಕ್ಕ ಓದ್ಯಾಕ ಬಿಡ್ತಿ? ನಾ ಎಷ್ಟು ಬಟ್ಟಿ ತಪ್ಪು ಕತ್ತರಿಸೀನಿ, ಕತ್ತರಿ ಬಿಟ್ನೇನು?"

ಆ ಭಾನುವಾರ ತರಗತಿ ಮುಗಿದ ಮೇಲೂ ಅವಳು ಲೈನಿನಲ್ಲೇ ಉಳಿದಳು. ಪಾಠ ಮಾಡುತ್ತಿದ್ದ ಮಮತಾ ಮೇಡಂ ದಾವಣಗೆರೆ ಕಡೆಯವರು. ಅವಳ ಇಂಗ್ಲಿಷು ಎರಡನೇ ವಾಕ್ಯಕ್ಕೇ ತೊಡರಿದಾಗ ಅವರೇ ಕನ್ನಡಕ್ಕೆ ತಿರುಗಿದರು. ಪ್ಯಾಂಟಿನ ಕಥೆಯನ್ನೆಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ ಹಾಕಿದರು.

"ಎಂಜೈಮು ಕೆಲಸ ಶುರು ಮಾಡಿದ್ದು ಗೊತ್ತಾಯ್ತು. ಅದನ್ನ ನಿಲ್ಲಿಸೋರು ಯಾರು?"

"ನೀರನ್ನ ಹೊರಗೆ ಬಿಟ್ಟುಬಿಡ್ತಾರೆ ಮೇಡಂ."

"ನೀರು ಹೋದ್ರೆ ಬಟ್ಟೇಲಿ ಹೊಕ್ಕಿರೋದು ಹೋಗುತ್ತಾ?"

ಗಂಗೋತ್ರಿಗೆ ಉತ್ತರ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಬಿಸಿ ಹೆಚ್ಚಾದರೆ ಎಂಜೈಮಿನ ರೂಪವೇ ಕೆಟ್ಟು ಅದು ನಿಷ್ಕ್ರಿಯವಾಗುತ್ತದೆ. ಘಟಕದಲ್ಲೂ ಕೊನೆಗೊಮ್ಮೆ ಕುದಿಯುವಂಥ ನೀರಿನಲ್ಲಿ ತಿರುಗಿಸುವ ಪದ್ಧತಿ ಇತ್ತು. ಅದು ಸೋಪು ಹೋಗಲಿ ಎಂದು ಮಾಡುವುದು ಅಂದುಕೊಂಡಿದ್ದಳು. ಹಾಗಾದರೆ ತಪ್ಪುತ್ತಿರುವುದೆಲ್ಲಿ?

ಸೋಮವಾರ ದೂರು ಬಂದ ಲಾಟುಗಳ ನಂಬರನ್ನೆಲ್ಲ ರಿಜಿಸ್ಟರಿನಲ್ಲಿ ಹುಡುಕಿದಳು. ಪುಡಿ ಹೆಚ್ಚು ಹಾಕಿದ ದಿನದವೂ ಇದ್ದವು, ಕಡಿಮೆ ಹಾಕಿದ ದಿನದವೂ ಇದ್ದವು. ತಲೆ ಕೆಟ್ಟು ಪುಸ್ತಕ ಮುಚ್ಚುವಾಗ ತಾರೀಖುಗಳ ಕಡೆ ನೋಡಿದಳು. ಗೋಡೆಯ ಕ್ಯಾಲೆಂಡರಿಗೆ ಒಂದೊಂದನ್ನೂ ಹಿಡಿದು ನೋಡಿದಳು. ಅಷ್ಟೂ ಶನಿವಾರದವು.

ಮುಂದಿನ ಶನಿವಾರ ಅವಳು ರಿಜಿಸ್ಟರ್ ಬದಿಗಿಟ್ಟು ಡ್ರಮ್ಮಿನ ಪಕ್ಕದಲ್ಲೇ ನಿಂತಳು. ಮಧ್ಯಾಹ್ನ ಮೂರಕ್ಕೆ ಬಾಯ್ಲರಿಗೆ ಸೌದೆ ಹಾಕುವ ನರಸಪ್ಪ ಬೆಂಕಿ ಆರಿಸಿ, ಓಬಳಾಪುರದ ಕಡೆಯ ಬಸ್ಸು ಹಿಡಿಯಲು ಹೊರಟ. ಅಲ್ಲಿ ಅವನ ಮನೆ. ಕೊನೆಯ ಲಾಟು ಇನ್ನೂ ಡ್ರಮ್ಮಿನಲ್ಲೇ ತಿರುಗುತ್ತಿತ್ತು. ಬಿಸಿನೀರು ಇಲ್ಲದ್ದರಿಂದ ಮಾರೇಶ ಅದಕ್ಕೆ ಒಂದು ಸಲ ತಣ್ಣೀರು ಬಿಟ್ಟು, ಹೊರಗೆ ತೆಗೆದು, ಒದ್ದೆಯಾಗಿಯೇ ರಾಶಿ ಹಾಕಿಸಿದ. ಸೋಮವಾರ ಒಣಗಿಸಿದರಾಯಿತು ಎಂಬ ಲೆಕ್ಕ. ಅಂದರೆ ಭಾನುವಾರ ಪೂರ್ತಿ, ಬೀಗ ಹಾಕಿದ ಆ ಶೆಡ್ಡಿನ ಸೆಕೆಯಲ್ಲಿ, ಪುಡಿ ತನ್ನ ಕೆಲಸ ಮಾಡುತ್ತಲೇ ಇರುತ್ತಿತ್ತು.

ಹಾಗೆಂದು ಅವಳಿಗೆ ಅನ್ನಿಸಿತು ಅಷ್ಟೇ, ಖಾತ್ರಿ ಇರಲಿಲ್ಲ. ಹಿಂದಿನ ಸಲವೂ ಹೀಗೇ ಅನ್ನಿಸಿತ್ತು. ಈ ಸಲ ಮಾಲೀಕನ ಹತ್ತಿರ ಹೋಗದೆ ಮಾರೇಶನ ಹತ್ತಿರವೇ ಹೋದಳು.

"ಮಾರೇಶಣ್ಣ, ಇದ್ರಾಗೆ ಆರು ಪ್ಯಾಂಟು ಕೊಡು. ಮೂರನ್ನ ಕುದಿಯೋ ನೀರಿಗೆ ಹಾಕಿ ಒಣಗಿಸ್ತೀನಿ. ಮೂರು ರಾಶಿಯಾಗೇ ಇರ್ಲಿ."

"ಹಾಳಾದ್ರ?"

"ಹಾಳಾದ್ರೆ ನನ್ನ ಹೆಸರು ಹೇಳು."

ಮಾರೇಶ ಅವಳ ಮುಖ ನೋಡಿ, ಆರು ಪ್ಯಾಂಟು ಎಣಿಸಿ ಕೊಟ್ಟ. ಮೂರನ್ನು ಅವಳು ಮನೆಗೆ ಒಯ್ದು ಹಂಡೆಯಲ್ಲಿ ಕುದಿಸಿದಳು. ಇದೇನು ಅಡುಗೆ ಎಂದು ಪಕ್ಕದ ಮನೆಯವರು ಬಂದು ನೋಡಿಹೋದರು. ಸೋಮವಾರ ಆರನ್ನೂ ಮೇಜಿನ ಮೇಲೆ ಹಾಕಿದಾಗ ಮಾರೇಶ ತಾನೇ ಒಂದೊಂದನ್ನು ಹಿಡಿದು ಎಳೆದ. ಕುದಿಸಿದವು ಹರಿಯಲಿಲ್ಲ. ರಾಶಿಯಲ್ಲಿದ್ದವುಗಳಲ್ಲಿ ಎರಡು ಹರಿದವು, ಒಂದು ಹರಿಯಲಿಲ್ಲ.

"ಇದ್ಯಾಕ ಹರೀಲಿಲ್ಲ?" ಮಾರೇಶ ಕೇಳಿದ.

"ಗೊತ್ತಿಲ್ಲಣ್ಣ."

ಮತ್ತೆರಡು ಶನಿವಾರ ಅದನ್ನೇ ಮಾಡಿದರು. ರಾಶಿಯ ಅಡಿಯಲ್ಲಿದ್ದವು ಹೆಚ್ಚು ಹರಿಯುತ್ತಿದ್ದವು, ಮೇಲೆ ಇದ್ದು ಬೇಗ ಆರಿದವು ಉಳಿಯುತ್ತಿದ್ದವು. ಆಮೇಲೆ ಆದಿನಾರಾಯಣ, ಶನಿವಾರ ಎರಡು ಗಂಟೆಯ ನಂತರ ಹೊಸ ಲಾಟು ಹಾಕಬಾರದು, ಬಿಸಿನೀರು ಬಿಡದೆ ಯಾವುದನ್ನೂ ಹೊರಗೆ ತೆಗೆಯಬಾರದು ಎಂದು ಗೋಡೆಗೆ ಬರೆಸಿದ. ದೂರುಗಳು ನಿಂತವು.

ಗಂಗೋತ್ರಿ ಅದನ್ನೇ ಎಂ.ಎಸ್ಸಿಯ ಕೊನೆಯ ಪ್ರಾಜೆಕ್ಟು ಮಾಡಿದಳು. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು, ಇಷ್ಟು ಕಡಿಮೆ ಪ್ಯಾಂಟಿನಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದರು. ಇನ್ನೊಬ್ಬರು ಘಟಕದ ನೀರು ಗಡುಸೇ ಎಂದು ಕೇಳಿದರು. ಅದನ್ನು ಅವಳು ನೋಡಿಯೇ ಇರಲಿಲ್ಲ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಫಲಿತಾಂಶದ ದಿನ ಕದರಪ್ಪ ಫೋನಿನಲ್ಲಿ, "ಈಗ ನೀನು ಏನಂತ ನಾಲ್ಕ್ ಜನಕ್ಕೆ ಹೇಳ್ಲಿ?" ಎಂದು ಕೇಳಿದ. ಅವಳು, "ಪಾಸಾದ್ಲು ಅಂತ ಹೇಳಪ್ಪ," ಅಂದಳು.

ಈಗಲೂ ಅವಳು ಅದೇ ಘಟಕದಲ್ಲಿದ್ದಾಳೆ. ರಿಜಿಸ್ಟರನ್ನು ಬೇರೆಯವರು ಬರೆಯುತ್ತಾರೆ, ಪುಡಿ ಮತ್ತು ಬಿಸಿನೀರು ನೋಡಿಕೊಳ್ಳುವುದು ಅವಳ ಕೆಲಸ. ರೇಷ್ಮೆ ಹುಳದ ಮೊಟ್ಟೆ ತಯಾರಿಸುವ ಕೇಂದ್ರವೊಂದರ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಬಂದರೆ ಹೋಗುವುದೋ ಬೇಡವೋ ತೀರ್ಮಾನಿಸಿಲ್ಲ. ಕಳೆದ ವಾರ ಹೊಸ ಕಂಪನಿಯ ಪುಡಿಯ ಚೀಲ ಬಂದಾಗ ಮಾರೇಶ ಅವಳನ್ನು ಕರೆದು, ಎಷ್ಟು ಹಾಕಬೇಕು ಎಂದು ಕೇಳಿದ.

"ಗೊತ್ತಿಲ್ಲಣ್ಣ. ನಾಲ್ಕು ತುಂಡು ಬಟ್ಟೆ ಕೊಡು, ನೋಡಾನ."

"ಇಷ್ಟು ಓದಿ ಇನ್ನೂ ಗೊತ್ತಿಲ್ಲ ಅಂತೀಯಲ್ಲ ತಂಗಿ," ಎಂದು ಗೊಣಗುತ್ತ ಅವನು ಕತ್ತರಿ ತರಲು ಒಳಗೆ ಹೋದ.