ಸವೆದ ಅಟ್ಟೆ ಓದುವ ಅಂಬ್ರಪ್ಪ

ನಮ್ಮ ರಂಗಂಪೇಟೆಯ ಅಂಬ್ರಪ್ಪ ನನ್ನ ವಾರಿಗೆಯವನು. ಚಪ್ಪಲಿ ಹೊಲಿಯಲು ಕಾಲಿನ ಅಳತೆ ಕೇಳುವುದಿಲ್ಲ. "ಹಳೇದು ತಗೊಂಡ ಬರ್ರಿ" ಅನ್ನುತ್ತಾನೆ. ತಂದದ್ದನ್ನು ಬೋರಲು ಹಾಕಿ, ಅಟ್ಟೆ ಎಲ್ಲಿ ಸವೆದಿದೆ ಎಂದು ಹೆಬ್ಬೆರಳಿನಿಂದ ಸವರುತ್ತಾನೆ. ಅಷ್ಟರಲ್ಲಿ ಆ ಮನುಷ್ಯನ ನಡಿಗೆ ಅವನ ಕೈಗೆ ಸಿಕ್ಕಿರುತ್ತದೆ. ಅಂಗೈ ನೋಡಿ ಹೇಳುವವರ ಮಾತು ಸುಳ್ಳಾದೀತು. ಅಂಬ್ರಪ್ಪ ಅಟ್ಟೆ ನೋಡಿ ಹೇಳಿದ್ದು ಸುಳ್ಳಾದದ್ದನ್ನು ನಾನು ಕಾಣೆ.

ಅವನ ಗೋಡೆಯ ಮೇಲೆ ಬುದ್ಧನ ಪಟವಿದೆ. ಶ್ರೀಶೈಲಕ್ಕೆ ಒಮ್ಮೆಯೂ ಹೋದವನಲ್ಲ. ಆದರೆ ಯುಗಾದಿ ಮುಂದೆ ಮಲ್ಲಯ್ಯನ ಹಾದಿ ಹಿಡಿಯುವ ನಮ್ಮ ಕಡೆಯ ಮಂದಿ ಹೊರಡುವುದು ಅವನ ಚಪ್ಪಲಿ ಮೆಟ್ಟಿಯೇ. ನಾನು ಹನ್ನೊಂದು ಸಲ ನಡೆದು ಹೋಗಿದ್ದೇನೆ, ಮೂರೇ ಜೋಡಿಯಲ್ಲಿ. ಎಮ್ಮೆ ಚರ್ಮಕ್ಕೆ ಔಡಲೆಣ್ಣೆ ಕುಡಿಸಿ, ಕೆಳಗೆ ಲಾರಿ ಟೈರು ಕೊಟ್ಟು, ಮೇಣ ತಿಕ್ಕಿದ ದಾರದಿಂದ ಹೊಲಿಯುತ್ತಾನೆ. ಅಂಟು ಮುಟ್ಟುವುದಿಲ್ಲ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಂಟು ಬೆಲ್ಲದ ಪಾಕವಾಗುತ್ತದೆ. ಮೊಳೆಯೂ ಬೇಡ, ಅಟ್ಟೆ ಸವೆದಂತೆ ಮೊಳೆ ಮೇಲೆದ್ದು ಕಾಲು ಕಚ್ಚುತ್ತದೆ.

ಹೋದ ವರ್ಷ ಗೋಗಿಯ ಗೊಲ್ಲಾಳಮ್ಮ ಬಂದಳು. ಅರವತ್ತರ ಹೆಣ್ಣುಮಗಳು. ಅದರ ಹಿಂದಿನ ವರ್ಷ ಅಂಗಡಿ ಬೂಟು ಮೆಟ್ಟಿ ಹೊರಟವಳು, ಎಡಗಾಲು ಬೊಬ್ಬೆ ಎದ್ದು ರಾಯಚೂರಿನಿಂದ ಬಸ್ಸು ಹತ್ತಿ ಮನೆಗೆ ಬಂದಿದ್ದಳು. ಅವಳ ಭಾವ ಜಗದೇವಪ್ಪ ಅಂದಿನಿಂದ ಅವಳನ್ನು 'ರಾಯಚೂರು ಮಲ್ಲಮ್ಮ' ಎಂದೇ ಕರೆಯುತ್ತಿದ್ದ. ಈ ಸಲವೂ ಅರ್ಧಕ್ಕೆ ತಿರುಗಿದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ. ಹೊರಡಲು ಹನ್ನೆರಡೇ ದಿನ ಉಳಿದಿತ್ತು.

ಆಕೆ ಕೊಟ್ಟ ಹಳೆಯ ಜೋಡಿಯನ್ನು ಅಂಬ್ರಪ್ಪ ಬೋರಲು ಹಾಕಿದ. ತೊಳೆದು, ಎಣ್ಣೆ ಸವರಿ, ಹೊಸ ಅಟ್ಟೆ ಹಾಕಿಸಿ ತಂದಿದ್ದಳು!

"ಇದೇನ್ರಿ ಅವ್ವಾರ?"

"ಸವದಿದ್ದು, ಸಗಣಿ ಮೆತ್ತಿದ್ದು ನಿನ್ನ ಕೈಯಾಗ ಹ್ಯಾಂಗ ಕೊಡ್ಲೋ ಅಣ್ಣಾ? ಶಹಾಪುರದಾಗ ರಿಪೇರಿ ಮಾಡಿಸ್ಕೊಂಡ ಬಂದೆ."

"ಓದಾಕ ಪುಸ್ತಕ ಕೊಡ್ರಿ ಅಂದ್ರ ಅಕ್ಷರ ಅಳಸಿ ಕೊಟ್ರಲ್ರಿ!"

ನಾನು ನಕ್ಕೆ. ಗೊಲ್ಲಾಳಮ್ಮ ನಗಲಿಲ್ಲ. "ಹಂಗಾದ್ರ ಆಗೂದಿಲ್ಲೇನು?" ಎಂದಳು.

ಅಂಬ್ರಪ್ಪ ಎದ್ದ. ಹಿತ್ತಲಿನ ಎರೆಮಣ್ಣಿಗೆ ನೀರು ಹೊಡೆದು, ಅದರ ಮೇಲೆ ಆಕೆಯನ್ನು ಬರಿಗಾಲಲ್ಲಿ ನಡೆಸಿದ. ಎರಡೂ ಹೆಜ್ಜೆ ಒಂದೇ ಸಮ ಬಿದ್ದವು. ಅವನಿಗೆ ಒಪ್ಪಲಿಲ್ಲ. ಹಾಗಿದ್ದರೆ ಎಡಗಾಲಷ್ಟೇ ಬೊಬ್ಬೆ ಎದ್ದದ್ದು ಯಾಕೆ?

"ಮಲ್ಲಯ್ಯನ ಕಡಿ ಬರಿಗೈಲೆ ಹೋಗ್ತೀರೇನ್ರಿ?"

"ಯಾಕ, ರೊಟ್ಟಿ ಗಂಟು ಇರ್ತದಲ್ಲ."

"ಹೊತ್ತ ನಡೀರಿ ಮತ್ತ!"

ಗಂಟು ಎಲ್ಲಿಂದ ತರಬೇಕು? ಚೀಲಕ್ಕೆ ಟೈರಿನ ತುಂಡು ತುಂಬಿ ಕೊಟ್ಟ. ಆಕೆ ಅದನ್ನು ಬಲಗಡೆಯ ಟೊಂಕಕ್ಕೆ ಏರಿಸಿಕೊಂಡು ನಡೆದಳು. ಭಾರಕ್ಕೆ ಮೈ ಎಡಕ್ಕೆ ವಾಲಿ, ಎಡಗಾಲಿನ ಹೊರ ಅಂಚು ಮಣ್ಣಲ್ಲಿ ಬೆರಳುದ್ದ ಇಳಿಯಿತು. ಅಂಬ್ರಪ್ಪ ಕುಕ್ಕರಗಾಲಲ್ಲಿ ಕೂತು ಆ ಕುಳಿಗೆ ಹೆಬ್ಬೆರಳು ಹಾಕಿದ. "ಸಿಕ್ತು."

ಟೈರಿನ ಗಟ್ಟಿ ಭಾಗ ಆರಿಸಿ, ಕಾಲು ಹೊರಕ್ಕೆ ವಾಲದಂತೆ ಆ ಅಂಚಿಗೆ ಎರಡು ಪದರ ಕೊಟ್ಟ. ಐದನೇ ದಿನ ಜೋಡಿ ಕೈಗಿಟ್ಟು, "ಹೊಸದ ಮೆಟ್ಟಿ ಹಾದಿ ಹಿಡೀಬ್ಯಾಡ್ರಿ. ವಾರದ ತನಕ ಗಂಟು ಹೊತ್ತ ಹೊಲಕ್ಕ ಅಡ್ಡಾಡ್ರಿ" ಎಂದ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಗೊಲ್ಲಾಳಮ್ಮ ಬಂದಳು. ಹಿಂದೆ ಜಗದೇವಪ್ಪನೂ ಇದ್ದ. ಜೋಡಿಯನ್ನು ತಾನೇ ಬೋರಲು ಹಾಕಿ ಇಟ್ಟಳು. "ತೊಳದಿಲ್ಲ ನೋಡಣ್ಣಾ. ಅಡವಿ ಮಣ್ಣ ಹಂಗೇ ಐತಿ. ಒಂದ ಬೊಬ್ಬಿ ಎದ್ದಿಲ್ಲ."

ಅಂಬ್ರಪ್ಪ ಸವರಿದ. ಮುನ್ನೂರು ಕಿಲೋಮೀಟರಿಗೆ ಎರಡೂ ಅಟ್ಟೆ ಸಮನಾಗಿ, ಒಂದು ರೂಪಾಯಿ ಬಿಲ್ಲೆಯಷ್ಟು ದಪ್ಪ ಸವೆದಿದ್ದವು. "ಇನ್ನಾ ಮೂರ ಸಲ ಹೋಗಿ ಬರ್ರಿ" ಎಂದ.

ಜಗದೇವಪ್ಪ ತನ್ನ ಕಾಲಲ್ಲಿದ್ದ, ಸಗಣಿ ಮೆತ್ತಿದ ಚಪ್ಪಲಿ ಕಳಚಿ, ಬೋರಲು ಹಾಕಿ ಅಂಬ್ರಪ್ಪನ ಮುಂದೆ ಇಟ್ಟ.